ಡ್ರೈವರ್ ಮುನಿರಾಜು ಗಾಡಿ ಬಿಟ್ಟು ಬಂದ ದಿನ

ಅಟ್ಟೂರು

ನಮ್ಮನೆಯವರು ಬೇಲೂರಿಗೆ ಎಷ್ಟು ಸಲ ಹೋಗಿ ಬಂದಿದ್ದಾರೋ ದೇವರೇ ಬಲ್ಲ. ದೇವಸ್ಥಾನದ ಒಳಗೆ ಕಾಲಿಟ್ಟಿದ್ದು ಮಾತ್ರ ಒಂದು ಸಲವೂ ಇಲ್ಲ. ಹಳೇಬೀಡು, ಹಂಪಿ, ಮೈಸೂರು ಅರಮನೆ, ಎಲ್ಲ ಕಡೆ ಇದೇ ಕಥೆ. ಮೂವತ್ತೊಂದು ವರ್ಷ ಟೂರಿಸ್ಟ್ ಗಾಡಿ ಓಡಿಸಿದ ಮನುಷ್ಯ. ಗೆಸ್ಟ್‌ಗಳನ್ನ ಗೇಟ್ ಹತ್ರ ಇಳಿಸೋದು, ನೆರಳು ಹುಡುಕಿ ಗಾಡಿ ಹಾಕೋದು, ಸೀಟು ಹಿಂದಕ್ಕೆ ಮಲಗಿಸಿ ಮುಖದ ಮೇಲೆ ಟವೆಲ್ ಎಳ್ಕೊಳ್ಳೋದು. ಬಾದಾಮಿ ಗುಹೆ ಹೇಗಿದೆ ಅಂತ ಕೇಳಿದ್ರೆ "ಪಾರ್ಕಿಂಗಲ್ಲಿ ಕೋತಿ ಕಾಟ" ಅಂತಾರೆ!

ಹೋಗ್ಲಿ, ಅದು ಡ್ಯೂಟಿ. ನನ್ನನ್ನೂ ಮಗಳು ಚೈತ್ರಾಳನ್ನೂ ಕರ್ಕೊಂಡು ಹೋದಾಗಲೂ ಇದೇ ಆಟ. "ನೀವ್ ನೋಡ್ಕಂಡ್ ಬನ್ನಿ, ಗಾಡಿ ಯಾರ್ ನೋಡ್ಕತಾರೆ?" ಗಾಡಿಗೇನು ಕಾಲು ಬಂದಿದೆಯಾ ಅಂತ ನಾನು. ನಿಂಗೇನ್ ಗೊತ್ತು ಸುಮ್ಕಿರು ಅಂತ ಅವರು. ನಮ್ಮನೆ ಆಲ್ಬಮ್ಮಲ್ಲಿ ಊರೂರಿನ ಫೋಟೋ ಇದೆ, ಒಂದರಲ್ಲೂ ಈ ಮಹಾನುಭಾವ ಇಲ್ಲ.

ನಾನು ಗಿರಿಜಾ, ಮುನಿರಾಜು ಹೆಂಡತಿ. ಯಲಹಂಕ ನ್ಯೂ ಟೌನ್ ಪಕ್ಕದ ಅಟ್ಟೂರಲ್ಲಿ ಮನೆ, ಮುಂದಿನ ರೂಮಲ್ಲಿ ಬ್ಲೌಸ್ ಹೊಲೀತೀನಿ. ಎಂಟು ತಿಂಗಳ ಹಿಂದೆ ಇವರ ಬಲಗಣ್ಣು ಸಕ್ಕರೆ ಕಾಯಿಲೆಗೆ ಮಂಜಾಯ್ತು. ಎಡಗಣ್ಣು ಚೆನ್ನಾಗಿದೆ, ಅದನ್ನ ಜೋಪಾನ ಮಾಡಿ, ಡ್ರೈವಿಂಗ್ ಮಾತ್ರ ಇನ್ನು ಬೇಡ ಅಂದುಬಿಟ್ರು ಡಾಕ್ಟರು. ಗಾಡಿ ಮಾರಿದ್ವಿ. ಅವತ್ತಿಂದ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು, ತಲೆ ಮೇಲೆ ಹೋಗೋ ವಿಮಾನ ಎಣಿಸ್ತಾ ಕೂತ್ಬಿಟ್ರು. ಮಾತು ಕಮ್ಮಿ, ನಗು ಇಲ್ಲವೇ ಇಲ್ಲ.

ಚೈತ್ರ ಸಹಕಾರನಗರದಲ್ಲಿ ಇದ್ದಾಳೆ, ಬ್ಯಾಂಕ್ ಕೆಲಸ. ಒಂದಿನ ಬಂದವಳೇ ಶ್ರೀಲಂಕಾಗೆ ಎರಡು ಟಿಕೆಟ್ ಕೈಗಿಟ್ಟಳು. "ಅಮ್ಮಾ, ಅಪ್ಪ ಇನ್ನೊಂದ್ ಕಣ್ಣು ಚೆನ್ನಾಗಿರೋವಾಗ್ಲೇ ಒಂದ್ ಜಾಗ ಆದ್ರೂ ನೋಡ್ಬೇಕು. ನಿನ್ ಜವಾಬ್ದಾರಿ." ಆಗ್ಲಿ ಬಿಡು, ಈ ಸಲ ಕಿವಿ ಹಿಡ್ಕೊಂಡಾದ್ರೂ ಒಳಗೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟೆ. ಅಲ್ಲಿ ನಾಲ್ಕು ದಿನ ಇದ್ವಿ. ನಾನು ಹೇಳೋದು ಒಂದು ದಿನದ ಕಥೆ ಮಾತ್ರ. ಟಿಕೆಟ್ ಎಷ್ಟು, ರೂಮೆಷ್ಟು ಅಂತ ನನ್ನ ಕೇಳ್ಬೇಡಿ, ಚೈತ್ರನ್ನ ಕೇಳಿ.

ದೇವನಹಳ್ಳಿ ಏರ್‌ಪೋರ್ಟಿಗೆ ಇವರು ಸಾವಿರಾರು ಜನರನ್ನ ಬಿಟ್ಟಿದ್ದಾರೆ. ಗಾಜಿನ ಬಾಗಿಲು ದಾಟಿದ್ದು ಅವತ್ತೇ ಮೊದಲು. ಒಳಗೆ ನಿಂತು ಸುತ್ತ ನೋಡಿ, "ಓಹೋ, ಒಳಗಡೆ ಇಂಗೈತಾ" ಅಂದ್ರು. ಪರವಾಗಿಲ್ಲ, ಶುರು ಚೆನ್ನಾಗಿದೆ ಅಂದ್ಕೊಂಡೆ.

ಕ್ಯಾಂಡಿ, ಬೆಳಗ್ಗೆ

ಮೊದಲ ರಾತ್ರಿ ಕ್ಯಾಂಡಿ ಅನ್ನೋ ಊರಿನ ಹೋಟೆಲ್‌ನಲ್ಲಿ ತಂಗಿದ್ವಿ. ಎರಡನೇ ದಿನಕ್ಕೆ ಚೈತ್ರ ಒಂದು ಕಾರು, ಡ್ರೈವರ್ ಗೊತ್ತು ಮಾಡಿದ್ದಳು. ಇಂಥ ಕಡೆನೇ ಹೋಗ್ಬೇಕು ಅಂತಿಲ್ಲ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸ್ಕೊಳ್ಳಿ, ಸಂಜೆವರೆಗೂ ಗಾಡಿ ನಿಮ್ಮದು ಅಂತ ಮಾತು. ಬೆಳಗ್ಗೆ ಎದ್ದು ನೋಡ್ತೀನಿ, ಪಕ್ಕದಲ್ಲಿ ಇವರಿಲ್ಲ! ಗಾಬರಿಯಾಗಿ ಕೆಳಗೆ ಓಡಿದೆ. ಹೋಟೆಲ್ ಮುಂದೆ ಒಂದು ಬಿಳಿ ಕಾರು ನಿಂತಿತ್ತು. ನಮ್ಮ ಯಜಮಾನರು ಹೋಟೆಲ್‌ನವರ ಬಿಳಿ ಟವೆಲ್ ತಗೊಂಡು ಅದರ ಮುಂದಿನ ಗಾಜು ಒರೆಸ್ತಾ ಇದ್ರು.

ಅಷ್ಟರಲ್ಲಿ ಟೀ ಕುಡಿಯೋಕೆ ಹೋಗಿದ್ದ ಡ್ರೈವರ್ ಓಡಿ ಬಂದ. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಷರಟು. ಹೆಸರು ನಿಜಾಮ್. "ಸಾರ್! ನೋ, ನೋ, ಸಾರ್!" ಅಂತ ಟವೆಲ್ ಕಿತ್ಕೊಂಡ. ಆಮೇಲೆ ಗೊತ್ತಾಯ್ತು, ಆತನ ಮನೆಮಾತು ತಮಿಳು. ಇವರೋ, ಮದುವೆಗೆ ಮುಂಚೆ ಯಶವಂತಪುರ ಮಂಡಿಗೆ ಲಾರಿ ಹೊಡೀತಿದ್ದಾಗ ಹಮಾಲರ ಜೊತೆ ತಮಿಳು ಕಲಿತವರು. ನಂಗೂ ಅರ್ಥ ಆಗುತ್ತೆ, ನಾಲಿಗೆ ಹೊರಳಲ್ಲ ಅಷ್ಟೇ. ಆತನ ಮಾತನ್ನೆಲ್ಲ ನಮ್ಮ ಮಾತಿಗೆ ತಿರುಗಿಸಿ ಬರೀತಿದೀನಿ.

"ಅಣ್ಣಾ, ಗೆಸ್ಟ್ ಕೈಯಲ್ಲಿ ಗಾಡಿ ಒರೆಸಿಸಿದ ಅಂತ ಹೋಟೆಲ್‌ನೋರು ಬರೆದು ಹಾಕಿದ್ರೆ ನನ್ನ ಗತಿ ಏನು?"

"ಗಾಜಿನ ಮೇಲೆ ಇಬ್ಬನಿ ಕೂತಿತ್ತು ಕಣಪ್ಪ. ಕೈ ಸುಮ್ನಿರ್ಲಿಲ್ಲ" ಅಂದ್ರು ಇವರು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ನಿಜಾಮ್ ಹಿಂದಿನ ಬಾಗಿಲು ತೆಗೆದು ಹಿಡಿದ. ನಮ್ಮನೆಯವರು ಅದನ್ನ ನೋಡಿ, ನನ್ನ ಒಳಗೆ ಕೂರಿಸಿ, ಬಾಗಿಲು ಹಾಕಿ, ತಾವು ಮುಂದೆ ಹೋಗಿ ಕೂತ್ರು. ಎಲ್ಲಿಗೆ ಹೋಗೋಣ ಅಂತ ನಿಜಾಮ್ ಕೇಳಿದ್ರೆ ಹೆಬ್ಬೆರಳಲ್ಲಿ ಹಿಂದಕ್ಕೆ ತೋರಿಸಿ, "ಗೆಸ್ಟನ್ನ ಕೇಳು" ಅಂದ್ರು. ಗೆಸ್ಟ್ ಅಂತೆ ಗೆಸ್ಟು! ನಿಮ್ಮ ಗೆಸ್ಟಿಗೆ ಇಪ್ಪತ್ತೊಂಬತ್ತು ವರ್ಷದಿಂದ ಮುದ್ದೆ ತಿರುವಿ ಕೈ ಸವೆದಿದೆ ಅಂತ ಹೇಳಿ ಅಂದೆ. ಮಾತಲೆ ಊರಿನ ದಾರೀಲಿ ದಂಬುಲ್ಲದ ಬುದ್ಧನ ಗುಹೆಗೆ ಹೋಗೋಣ, ನಡುವೆ ಎಲ್ಲಿ ಮನಸ್ಸಾದ್ರೆ ಅಲ್ಲಿ ಇಳಿಯೋಣ ಅಂತ ಕೊನೆಗೆ ನಾನೇ ಹೇಳಿದೆ.

ಊರು ದಾಟೋವರೆಗೂ ಇವರ ಬಲಗಾಲು ಇಲ್ಲದ ಬ್ರೇಕನ್ನ ತುಳೀತಾನೇ ಇತ್ತು. ಒಂದು ಕಡೆ ಇಬ್ಬರು ಸ್ಕೂಲ್ ಹುಡುಗೀರು ರಸ್ತೆ ಅಂಚಲ್ಲಿ ನಿಂತ್ರು. ಸುಮ್ನೆ ನಿಂತಿದ್ದು ಅಷ್ಟೇ. ನಮ್ಮ ಕಾರು, ಎದುರಿನ ಲಾರಿ, ಹಿಂದಿನ ಬಸ್ಸು ಎಲ್ಲವೂ ನಿಂತ್ಬಿಟ್ವು, ಯಾರೂ ಹಾರ್ನ್ ಹೊಡೀಲಿಲ್ಲ. ಹುಡುಗೀರು ನಡ್ಕೊಂಡೇ ದಾಟಿದ್ರು, ಓಡಲಿಲ್ಲ. ನಮ್ಮನೆಯವರು ಬಾಯಿ ಬಿಟ್ಕೊಂಡು ನೋಡಿದ್ರು. "ನಮ್ ಹೆಬ್ಬಾಳದಲ್ಲಿ ಇಂಗೆ ನಿಲ್ಸಿದ್ರೆ ಹಿಂದಿನೋನು ಬಂದು ನಮ್ ಅಪ್ಪ ಅಮ್ಮನ್ನೆಲ್ಲ ನೆನೆಸ್ಕಂಡು ಓಗ್ತಾನೆ" ಅಂತ ನಿಜಾಮ್‌ಗೆ ತಮಿಳಲ್ಲಿ ವಿವರಿಸಿದ್ರು. ನಿಜಾಮ್ ನಕ್ಕು, ಕೊಲಂಬೋಗೆ ಬನ್ನಿ ಅಣ್ಣಾ, ಅಲ್ಲೂ ನೆನೆಸ್ಕೊಳ್ತಾರೆ ಅಂದ.

ಮಾತಲೆ

ಮಾತಲೆಯಲ್ಲಿ ರಸ್ತೆ ಪಕ್ಕದಲ್ಲೇ ದೊಡ್ಡ ಗೋಪುರ ಕಾಣಿಸ್ತು. ಯಾವ ದೇವರು ಅಂದೆ. ಮಾರಿಯಮ್ಮನ್ ಅಂದ ನಿಜಾಮ್. ಅಯ್ಯೋ ನಮ್ಮ ಮಾರಮ್ಮ! ಸಮುದ್ರ ದಾಟಿ ಬಂದ್ರೂ ಮೊದಲು ಸಿಕ್ಕಿದ್ದು ನಮ್ಮೂರ ದೇವರೇ ಅಂತ ಕುಣಿದಾಡೋ ಹಾಗಾಯ್ತು. ಅಟ್ಟೂರಲ್ಲಿ ಇವರು ಮಾರಮ್ಮನ ಗುಡಿ ಮುಂದೆ ಒಂದು ನಿಮಿಷ ನಿಲ್ಲಿಸಿ ಕೈ ಮುಗೀದೆ ಒಂದು ಟ್ರಿಪ್ಪೂ ಹೋದವರಲ್ಲ. ಇಲ್ಲಂತೂ ತಪ್ಪಿಸ್ಕೊಳ್ಳೋಕೆ ಆಗಲ್ಲ ಅಂದ್ಕೊಂಡೆ.

ಚಪ್ಪಲಿ ಬಿಟ್ಟು ತಿರುಗಿ ನೋಡಿದ್ರೆ, ಇವರು ಕಾರಿನ ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದಾರೆ. "ನೀನ್ ಓಗಿ ಬಾ. ನಾನ್ ಇಲ್ಲಿಂದಾನೇ ಮುಗೀತೀನಿ."

"ರೀ, ಮಾರಮ್ಮ ಕಣ್ರೀ!"

"ಅವ್ಳಿಗೆ ಇಲ್ಲಿಗೂ ಕಾಣುಸ್ತದೆ ಬಿಡು."

ಒಬ್ಬಳೇ ಹೋದೆ. ಒಳಗೆ ದೀಪದ ಹೊಗೆ, ಬೇವಿನ ಸೊಪ್ಪು, ನಮ್ಮಲ್ಲಿ ಇದ್ದ ಹಾಗೇನೇ ಬೈಕೊಂಡು ಜನ ಸರಿಸೋ ಒಬ್ಬ ಅಜ್ಜಿ. ಮಾರಮ್ಮನ ಮುಂದೆ ನಿಂತು ನಾನು ಬೇಡಿಕೊಳ್ಳೋದು ಬಿಟ್ಟು ದೂರು ಹೇಳಿದೆ. ಇವನಿಗೆ ಏನಾಗಿದೆ ತಾಯಿ, ಒಂದು ಜಾಗ, ಒಂದೇ ಒಂದು ಜಾಗ ನನ್ನ ಜೊತೆ ನೋಡೋಕೆ ಇವನಿಗೇನು ಕಷ್ಟ ಅಂತ. ಹೊರಗೆ ಬಂದಾಗ ನನ್ನ ಮುಖ ನೋಡಿ ಇವರು ಬೇರೆ ಕಡೆ ತಿರುಗಿಕೊಂಡ್ರು.

ಮುಂದೆ ಒಂದು ಮಸಾಲೆ ತೋಟ. ಏಲಕ್ಕಿ ಗಿಡ, ಚಕ್ಕೆ ಮರ ಎಲ್ಲ ತೋರಿಸಿ, ಮೊಣಕಾಲಿಗೆ ಒಂದು ಎಣ್ಣೆ ತಿಕ್ಕಿ, ಕೂದಲು ಉದುರೋದಕ್ಕೆ ಇನ್ನೊಂದು ಎಣ್ಣೆ ಮಾರೋಕೆ ನೋಡಿದ್ರು. ಅಲ್ಲೂ ನಾನೊಬ್ಬಳೇ. ತಿಕ್ಕಿಸ್ಕೊಂಡ ಮೊಣಕಾಲು ಮಾತ್ರ ಸಾಯಂಕಾಲದವರೆಗೂ ಉರೀತಿತ್ತು.

ಊಟದ ಹೊತ್ತು

ಮಧ್ಯಾಹ್ನ ಒಂದು ದೊಡ್ಡ ಹೋಟೆಲ್‌ಗೆ ಕರ್ಕೊಂಡು ಹೋದ ನಿಜಾಮ್. ಬಿಳಿ ಬಟ್ಟೆ ಹಾಸಿದ ಮೇಜು, ತುಂಬ ಬರೀ ವಿದೇಶದವರು. ಕೈ ತೊಳ್ಕಂಡ್ ಬರ್ತೀನಿ ಅಂತ ಹೋದ ನಮ್ಮನೆಯವರು ನಾಪತ್ತೆ. ನನ್ನ ತಟ್ಟೆಯಲ್ಲಿ ಅನ್ನ ತಣ್ಣಗಾಯ್ತು. ಪಕ್ಕದ ಮೇಜಿನ ಹೆಂಗಸು ಅಯ್ಯೋ ಪಾಪ ಅನ್ನೋ ಥರ ನೋಡೋಕೆ ಶುರು ಮಾಡಿದಳು. ತಟ್ಟೆ ಕೈಲಿ ಹಿಡ್ಕೊಂಡೇ ಹುಡುಕಿಕೊಂಡು ಹೊರಟೆ.

ಅಡುಗೆಮನೆ ಹಿಂದೆ, ಎರಡು ಮೆಟ್ಟಿಲು ಇಳಿದರೆ ಒಂದು ಶೀಟಿನ ರೂಮು. ಗೆಸ್ಟ್ ಕರ್ಕೊಂಡು ಬಂದ ಡ್ರೈವರ್‌ಗಳಿಗೆ ಹೋಟೆಲ್‌ನವರೇ ಊಟ ಹಾಕೋ ಜಾಗ. ಉದ್ದ ಬೆಂಚಿನ ಮೇಲೆ ಎಂಟು ಜನ, ಮಧ್ಯದಲ್ಲಿ ನಮ್ಮ ಯಜಮಾನರು! ಕೆಂಪಕ್ಕಿ ಅನ್ನ, ಬೇಳೆ, ಕೆಂಪಗೆ ಖಾರ ಹಾಕಿ ಕಲಸಿದ ಕಾಯಿತುರಿ, ಕೈಯಲ್ಲೇ ಕಲಸಿ ಉಣ್ತಾ, ಯಾವುದೋ ಗೆಸ್ಟ್ ಕಥೆ ಹೇಳ್ತಾ, ನಗ್ತಾ ಇದ್ರು. ಬೈಯೋಕೆ ಅಂತ ತೆರೆದ ಬಾಯಿ ಹಾಗೇ ಮುಚ್ಕೊಂಡೆ. ಆ ನಗು ಕೇಳಿ ಎಂಟು ತಿಂಗಳಾಗಿತ್ತು.

ನನ್ನ ನೋಡಿ ಎಂಟೂ ಜನ ಎದ್ದು ನಿಂತ್ರು. ಮ್ಯಾನೇಜರ್ ಹಿಂದೇನೇ ಓಡಿ ಬಂದು ಮೇಡಂ ಇದು ಗೆಸ್ಟ್‌ಗಳಿಗಲ್ಲ ಅಂದ. ನಮ್ಮನೆಯವರು ಬೆಂಚಿನ ಮೇಲೆ ಸ್ವಲ್ಪ ಸರಿದು, "ಅವ್ಳು ಗೆಸ್ಟ್ ಅಲ್ಲಪ್ಪ, ನನ್ ಎಂಡ್ತಿ" ಅಂದ್ರು. ಬೆಳಗ್ಗೆ ಗೆಸ್ಟು, ಮಧ್ಯಾಹ್ನ ಹೆಂಡತಿ! ಸರಿ, ಕೂತು ಉಂಡೆ. ಮೂವತ್ತೊಂದು ವರ್ಷ ಇವರು ಅನ್ನ ತಿಂದಿದ್ದು ಇಂಥ ರೂಮುಗಳಲ್ಲಿ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ಅವರ ಜಾಗ ನಾನೂ ನೋಡಿರಲಿಲ್ಲವಲ್ಲ ಅನ್ನಿಸ್ತು. ಒಳಗಿನ ಬಫೆಗಿಂತ ಇಲ್ಲಿನ ಬೇಳೇನೇ ರುಚಿಯಾಗಿತ್ತು, ಸುಳ್ಳು ಹೇಳಲ್ಲ.

ಎದ್ದು ಹೊರಡೋವಾಗ ಇವರು ನಿಜಾಮ್ ಹೆಗಲ ಮೇಲೆ ಕೈ ಹಾಕಿ ಆ ಎರಡು ಮೆಟ್ಟಿಲು ಹತ್ತಿದ್ರು. ಎಷ್ಟು ಬೇಗ ದೋಸ್ತಿ ಆಯ್ತಪ್ಪ ಅಂದ್ಕೊಂಡೆ.

ದಂಬುಲ್ಲ, ಕೆಳಗೆ

ದಂಬುಲ್ಲದ ಗುಡ್ಡದ ಕೆಳಗೆ ಚಿನ್ನದ ಬಣ್ಣದ ದೊಡ್ಡ ಬುದ್ಧ ಕೂತಿದ್ದಾನೆ. ಗುಹೆಗಳಿರೋದು ಮೇಲೆ. ಬಂಡೆಯಲ್ಲಿ ಕಡಿದ ಮೆಟ್ಟಿಲು, ಒಂದು ಎತ್ತರ, ಒಂದು ಗಿಡ್ಡ, ನಡುನಡುವೆ ಬರೀ ಇಳಿಜಾರು. ನಿಜಾಮ್ ಗಾಡಿ ನಿಲ್ಲಿಸಿದ. ಇವರು ಒಂದು ಸಲ ಮೆಟ್ಟಿಲಿನ ಕಡೆ ನೋಡಿದ್ರು.

"ನೀನ್ ನೋಡ್ಕಂಡ್ ಬಾ ಗಿರಿಜಾ. ನಾನ್ ಇಲ್ಲೇ ಇರ್ತೀನಿ."

ನನ್ನ ತಾಳ್ಮೆ ಅಲ್ಲಿಗೆ ಕಿತ್ಕೊಂಡು ಹೋಯ್ತು. ಅಷ್ಟು ಜನರ ಮುಂದೆ, ಅಟ್ಟೂರಿನ ಬೀದಿ ನಲ್ಲಿ ಹತ್ರ ಜಗಳ ಆಡೋ ಗಂಟಲಲ್ಲೇ ಕೂಗಾಡಿದೆ. "ಗಾಡಿ ನಿಮ್ದಲ್ಲ, ಡ್ಯೂಟಿ ನಿಮ್ದಲ್ಲ, ಇನ್ನೇನ್ರೀ ಕಾಯ್ತೀರಾ ಇಲ್ಲಿ? ನನ್ ಜೊತೆ ನಾಲ್ಕ್ ಹೆಜ್ಜೆ ನಡೆಯೋಕೆ ನಿಮಗೆ ಅಷ್ಟ್ ಅಸಹ್ಯನಾ? ಹೇಳ್ಬಿಡಿ, ಇವತ್ತೇ ವಾಪಸ್ ಹೋಗೋಣ!" ಇವರು ತಲೆ ತಗ್ಗಿಸಿ ಕಾರಿನ ಬಾಗಿಲ ಹಿಡಿ ತಿರುಗಿಸ್ತಾ ನಿಂತ್ರು. ನಾನು ಸೆರಗು ಸಿಕ್ಕಿಸ್ಕೊಂಡು ದಬದಬ ಇಪ್ಪತ್ತು ಮೆಟ್ಟಿಲು ಹತ್ತಿ, ಒಂದು ಮರದ ಬುಡದಲ್ಲಿ ಕೂತು ಅತ್ತೆ.

ನಿಜಾಮ್ ಹಿಂದೆ ಬಂದ. ನನ್ನ ಪಕ್ಕ ಕೂರದೆ, ಎರಡು ಮೆಟ್ಟಿಲು ಕೆಳಗೆ ನಿಂತು ಮೆಲ್ಲಗೆ ಹೇಳಿದ. "ಅಕ್ಕಾ, ತಪ್ಪು ತಿಳ್ಕೋಬೇಡಿ. ಅಣ್ಣನಿಗೆ ಮೆಟ್ಟಿಲು ಗೊತ್ತಾಗ್ತಿಲ್ಲ."

"ಏನು?"

"ನಾನು ದಿನಾ ವಯಸ್ಸಾದವರನ್ನ ಇಳಿಸೋನು. ಕಾಲು ನೋಡ್ತೀನಿ. ಹೋಟೆಲ್ ಹತ್ರ ಫುಟ್‌ಪಾತಿಗೆ ಹತ್ತೋವಾಗ ಕಾಲಲ್ಲಿ ತಡಕಿದ್ರು. ಊಟದ ರೂಮಿನ ಮೆಟ್ಟಿಲು ಇಳಿಯೋವಾಗ, ಹತ್ತೋವಾಗ ನನ್ನ ಹೆಗಲು ಹಿಡಿದ್ರು."

ಹೌದಲ್ಲ! ಮಾರಮ್ಮನ ಗುಡಿಗೂ ಮೆಟ್ಟಿಲಿತ್ತು. ಮನೆಯಲ್ಲಿ ಇವರು ಸಲೀಸಾಗಿ ಓಡಾಡ್ತಾರೆ, ನಿಜ. ಆ ಮನೆಯ ಒಂದೊಂದು ಹೊಸ್ತಿಲೂ ಅವರಿಗೆ ಬಾಯಿಪಾಠ. ಇಪ್ಪತ್ತೊಂಬತ್ತು ವರ್ಷ ಜೊತೆ ಬಾಳಿದವಳಿಗೆ ಕಾಣದೇ ಇದ್ದದ್ದು ಅರ್ಧ ದಿನದ ಡ್ರೈವರ್‌ಗೆ ಕಂಡಿತ್ತು. ನಾಚಿಕೆಯಾಯ್ತು, ಥೂ ನಿನ್ನ ಅಂತ ನನ್ನನ್ನೇ ಬೈಕೊಂಡೆ.

ಕೆಳಗೆ ಹೋಗಿ ಕಾರಿಗೆ ಒರಗಿಕೊಂಡು ಇವರ ಪಕ್ಕ ನಿಂತೆ. "ಯಾಕ್ರೀ ಹೇಳ್ಲಿಲ್ಲ?"

"ಒಂದೇ ಕಣ್ಣಲ್ಲಿ ನೋಡಿದ್ರೆ ಮೆಟ್ಲು ಎಲ್ಲಿ ಮುಗೀತದೆ ಗೊತ್ತಾಗಲ್ಲ ಗಿರಿಜಾ. ಎಲ್ಲ ಒಂದೇ ಸಮ ಕಾಣುಸ್ತದೆ. ಏಳಿದ್ರೆ ಚೈತ್ರ ಟಿಕೆಟ್ ಕ್ಯಾನ್ಸಲ್ ಮಾಡಿರೋಳು. ನೀನ್ ಬೀದಿಗೆಲ್ಲ ಏಳ್ಕಂಡಿದ್ದೆ, ಶ್ರೀಲಂಕಾಗೆ ಓಯ್ತೀನಿ ಅಂತ." ಆಮೇಲೆ, "ಗಾಡಿ ಓಯ್ತು ಅಂತ ಎಲ್ರಿಗೂ ಗೊತ್ತು. ನಡೆಯೋದೂ ಓಯ್ತು ಅಂತ ಯಾರಿಗ್ ಏಳ್ಲಿ?" ಅಂದ್ರು.

ಅವರ ಕೈ ಹಿಡ್ಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ವ್ಯಾನು ರಿವರ್ಸ್ ಬರ್ತಿತ್ತು, ಹಿಂದೆ ಒಬ್ಬ ನಿಂತು ಬಾಯಲ್ಲಿ ದಾರಿ ಹೇಳ್ತಿದ್ದ. ನಂಗೆ ನಮ್ಮ ಗಲ್ಲಿ ಕಣ್ಣಮುಂದೆ ಬಂತು. ಅಟ್ಟೂರಲ್ಲಿ ನಮ್ಮನೆ ಗಲ್ಲಿ ಎಷ್ಟು ಚಿಕ್ಕದು ಅಂದ್ರೆ, ಇವರು ಡ್ಯೂಟಿ ಮುಗಿಸಿ ಬಂದಾಗೆಲ್ಲ ನಾನು ಹೊಲಿಗೆ ಬಿಟ್ಟು ಎದ್ದು ಹೋಗಿ, ಗಾಡಿ ಹಿಂದೆ ನಿಂತು ಬರ್ಲಿ ಬರ್ಲಿ ಅಂತ ಕೂಗಿ ಒಳಗೆ ತಗೊಳ್ಬೇಕಿತ್ತು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಕರೆಂಟ್ ಕಂಬ. ಇವರು ಕನ್ನಡಿ ನೋಡ್ತಾನೇ ಇರಲಿಲ್ಲ. ನನ್ನ ಗಂಟಲನ್ನ ನಂಬ್ಕೊಂಡು ಸೀದಾ ಬಂದುಬಿಡ್ತಿದ್ರು. ಅಷ್ಟೂ ವರ್ಷದಲ್ಲಿ ಒಂದು ಗೀರೂ ಬಿದ್ದಿಲ್ಲ.

"ನಡೀರಿ" ಅಂದೆ. "ನಾನ್ ಹೇಳ್ತೀನಿ, ನೀವ್ ಬನ್ನಿ."

"ಬ್ಯಾಡ ಕಣೇ. ಬಿದ್ರೆ?"

"ಇಷ್ಟ್ ವರ್ಷ ಯಾವತ್ತಾದ್ರೂ ಕಂಬಕ್ಕೆ ಗುದ್ದಿಸಿದೀನಾ?"

ಅವರು ಕಾರಿನ ಕಡೆ ನೋಡಿದ್ರು. ನಿಜಾಮ್ ಬೀಗ ಹಾಕಿ ಕೀ ಜೇಬಿಗಿಟ್ಕೊಂಡ. "ನಾನೂ ಬರ್ತೀನಿ ಅಣ್ಣಾ, ಹಿಂದೆ ಇರ್ತೀನಿ. ಗಾಡಿ ಎಲ್ಲೂ ಓಡಿ ಹೋಗಲ್ಲ."

ದಂಬುಲ್ಲ, ಮೇಲೆ

ನಾನು ಒಂದು ಮೆಟ್ಟಿಲು ಮುಂದೆ, ಅಡ್ಡ ತಿರುಗಿಕೊಂಡು. ಹಿಂದೆ ಎರಡೂ ಕೈ ಚಾಚಿಕೊಂಡು ನಿಜಾಮ್. "ಬರ್ಲಿ... ಬರ್ಲಿ... ಕಾಲೆತ್ತಿ, ಎತ್ತರ ಇದೆ! ಹಾಂ, ಸಮ ಇದೆ, ಬರ್ಲಿ... ಸ್ವಲ್ಪ ಎಡಕ್ಕೆ, ಎಡಕ್ಕೆ... ಹೋಲ್ಡ್!" ಮೊದಲ ಹತ್ತು ಮೆಟ್ಟಿಲಿಗೆ ಇವರ ಬೆನ್ನೆಲ್ಲ ಬೆವರು. ಮೇಲಿಂದ ಇಳಿಯೋ ಜನ ನಮಗೆ ದಾರಿ ಬಿಟ್ಟು ನಿಂತ್ಕೊಂಡು ನೋಡೋರು. ಒಂದು ಕೋತಿ ನನ್ನ ಬ್ಯಾಗಿಗೆ ಕೈ ಹಾಕಿತು. "ಬರ್ಲಿ" ಅನ್ನೋದರ ಮಧ್ಯೆ "ಹಚಾ ಮುಂಡೇದೇ" ಅಂದೆ. ಇವರು ತಕ್ಷಣ ನಿಂತು, "ಅದು ನಂಗಾ ಕೋತಿಗಾ?" ಅಂದ್ರು. ಅಲ್ಲಿಂದ ಮುಂದೆ ಕಾಲು ಸಲೀಸಾಯ್ತು. ಅರ್ಧ ದಾರಿ ಆದಮೇಲೆ ನಾನು ಹೇಳೋದಕ್ಕೂ ಅವರು ಕಾಲಿಡೋದಕ್ಕೂ ಸಂದೇ ಇರಲಿಲ್ಲ. ಗಂಟಲು ಒಣಗಿತು, ಬಿಡಲಿಲ್ಲ. ಒಂದು ತಿರುವಲ್ಲಿ ನಿಜಾಮ್ ಕೂಡ "ಬರ್ಲಿ" ಅನ್ನೋಕೆ ಶುರು ಮಾಡಿದ್ದ.

ಮೇಲೆ ಚಪ್ಪಲಿ ಬಿಡಬೇಕು. ಬಿಸಿಲಿಗೆ ಕಾದ ಬಂಡೆ, ಮೂವರೂ ತಕತಕ ಕುಣಿದ್ವಿ. ನಿಜಾಮ್ ಬಾಗಿಲ ಹತ್ರ ನೆರಳಲ್ಲಿ ಕೂತು, ನಿಧಾನ ಆಗ್ಲಿ ಅಂದ. ನಾವಿಬ್ಬರು ಒಳಗೆ ಹೋದ್ವಿ.

ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ನಂಗೇ ಹೊತ್ತು ಹಿಡೀತು. ಆಮೇಲೆ ಕಂಡಿತು. ಬಂಡೆ ಉದ್ದಕ್ಕೂ ಮಲಗಿದ ಬುದ್ಧ, ಅದರಾಚೆ ಸಾಲಾಗಿ ಕೂತವರು, ನಿಂತವರು. ನನ್ನ ಕಣ್ಣು ಹೋಗಿದ್ದು ಚಾವಣಿಗೆ. ಬಂಡೆ ಅಲ್ಲಿ ಉಬ್ಬು, ಇಲ್ಲಿ ತಗ್ಗು. ಆ ಉಬ್ಬು ತಗ್ಗಿನ ಮೇಲೆಲ್ಲ ಹೂವು, ಚೌಕುಳಿ, ಅಂಚು ಎಲ್ಲ ಬಣ್ಣದಲ್ಲಿ ಬರೆದಿದ್ದಾರೆ. ದೊಡ್ಡ ರೇಷ್ಮೆ ಬಟ್ಟೆ ಹೊದಿಸಿದ ಹಾಗಿತ್ತು, ಎಲ್ಲೂ ಸುಕ್ಕಿಲ್ಲ, ಡಿಸೈನ್ ಎಲ್ಲೂ ತಪ್ಪಿಲ್ಲ. ಬ್ಲೌಸಿನ ಕತ್ತಿನ ಹತ್ರ ಒಂದು ಇಂಚು ಎಳೆದು ಕೂರಿಸೋಕೆ ನಾನು ಪಡೋ ಪಾಡು ನಂಗೆ ಗೊತ್ತು. ಯಾವ ಪುಣ್ಯಾತ್ಮರೋ ಅಂತ ಕೈ ಮುಗಿದೆ.

ಫೋಟೋ ತೆಗೆಸ್ಕೊಳ್ಳೋಣ ಅಂತ ಒಬ್ಬ ಹುಡುಗಿಗೆ ಮೊಬೈಲ್ ಕೊಟ್ಟು, ಬುದ್ಧನ ಮುಂದೆ ಇವರ ತೋಳು ಹಿಡಿದು ನಿಂತೆ. ಕಾವಲಿನವನು ಓಡಿ ಬಂದು ಗದರಿದ. ಬುದ್ಧನಿಗೆ ಬೆನ್ನು ತೋರಿಸಿ ಫೋಟೋ ತೆಗೆಸ್ಕೊಳ್ಳಬಾರದಂತೆ. ಸರಿ ಅಂತ ಬುದ್ಧನ ಕಡೆ ತಿರುಗಿ ನಿಂತ್ವಿ. ಮದುವೆ ಆದಮೇಲೆ ಊರೂರು ಅಲೆದ ಫೋಟೋಗಳಲ್ಲಿ ಇಬ್ಬರೂ ಜೊತೆಗಿರೋದು ಇದೊಂದೇ, ಇದರಲ್ಲೂ ಬರೀ ಬೆನ್ನು. ಚೈತ್ರಾಗೆ ಕಳಿಸಿದೆ. "ಒಳಗೇನಮ್ಮ? ಅಪ್ಪ ಒಳಗೇನಾ?" ಅಂತ ಬರೆದಳು.

ಇವರು ಫೋಟೋ ಮುಗಿದ ಮೇಲೂ ಕದಲಲಿಲ್ಲ. ತಲೆ ಸ್ವಲ್ಪ ವಾರೆ ಮಾಡಿ, ಎಡಗಣ್ಣು ಮುಂದೆ ತಂದು, ಬುದ್ಧನ ಪಾದದಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ ನೋಡ್ತಾ ಹೋದ್ರು. ಮೊಣಕಾಲು, ಮಡಿಕೆ ಮಡಿಕೆ ಬಟ್ಟೆ, ಕೈ, ದಿಂಬು, ಮುಖ. ಆಮೇಲೆ ಚಾವಣಿ. "ಗಿರಿಜಾ, ಆ ಮೂಲೆಯಲ್ಲಿ ಆನೆ ಬರ್ದವ್ರೆ, ನೋಡ್ದಾ?" ನಾನು ನೋಡಿರಲಿಲ್ಲ. ನೋಡಿದೆ.

ಒಂದು ಗುಂಪು ಬಂತು, ಹೋಯ್ತು. ಇನ್ನೊಂದು ಬಂತು, ಹೋಯ್ತು. ಹೊರಗೆ ಬಿಸಿಲು ಇಳೀತಿತ್ತು. ಇಳಿಯೋ ದಾರಿ ಇನ್ನೂ ಇದೆ, ಹತ್ತೋದಕ್ಕಿಂತ ಅದೇ ಕಷ್ಟ ಅಂತ ನಂಗೆ ಒಳಗೊಳಗೇ ಚಿಂತೆ. ಅವರ ತೋಳು ಮುಟ್ಟಿದೆ.

"ಹೋಗೋಣ್ವಾ? ಪಾಪ, ನಿಜಾಮ್ ಕಾಯ್ತಾ ಕೂತಿರ್ತಾನೆ."

ನಮ್ಮನೆಯವರು ತಿರುಗಲಿಲ್ಲ. ಕಣ್ಣು ಚಾವಣಿ ಮೇಲೇ ಇತ್ತು.

"ಕಾಯ್ಲಿ ಬಿಡು" ಅಂದ್ರು. "ಇನ್ನೊಂಚೂರು ನೋಡ್ತೀನಿ."